ಬಿಟ್ಟಿ ಆಕಾಶ

ಸಂಸಾರದಲ್ಲಿದ್ದುಕೊಂಡೇ ಮನುಷ್ಯನು ತ್ಯಜಿಸಬಹುದಾದ ವಸ್ತುಗಳು ಬಹಳವಿಲ್ಲ. ಕಾಫಿಯನ್ನು ಬಿಡುವೆನೆಂದು ಮೂರು ಸಲ ಸಂಕಲ್ಪಿಸಿ, ಮೂರು ಸಲವೂ ಮಧ್ಯಾಹ್ನದೊಳಗಾಗಿಯೇ ವ್ರತಭ್ರಷ್ಟನಾದ ನಾನು, ಕಾಸು ತೆತ್ತು ನೋಡುವ ಟಿವಿಯನ್ನು ಒಂದೇ ಏಟಿಗೆ ಬಿಟ್ಟೆನೆಂದರೆ ನನ್ನನ್ನು ಬಲ್ಲವರು ನಂಬಲಾರರು. ಆದರೆ ಆ ವೈರಾಗ್ಯವನ್ನು ಹುಟ್ಟಿಸಿದ್ದು ವೇದಾಂತವಲ್ಲ, ನಲವತ್ತು ಪೈಸೆ. 2019ರಲ್ಲಿ ಜಾರಿಗೆ ಬಂದ ದರಪದ್ಧತಿಯಂತೆ, ನೂರು ಚಾನಲ್ಲುಗಳವರೆಗಿನ ಸಂಪರ್ಕಕ್ಕೆಂದೇ ತಿಂಗಳಿಗೆ ₹130, ತೆರಿಗೆಯೂ ಕೂಡಿ ₹153.40 ತೆರಬೇಕೆಂದೂ, ಬೆಲೆಯುಳ್ಳ ಚಾನಲ್ಲುಗಳ ಬೆಲೆ ಅದರ ಮೇಲೆ ಬೇರೆಯೆಂದೂ ನಮ್ಮ ಡಿಶ್ ಕಂಪನಿಯವರು ತಿಳಿಸಿದರು. ಹೆಬ್ಬಾಗಿಲ ಸುಂಕವನ್ನೂ ಒಳಮನೆಯ ಸುಂಕವನ್ನೂ ನಾನು ಸಹಿಸಿಯೇನು. ಆದರೆ 2011ರಲ್ಲಿ ನಾಲ್ಕಾಣೆಯ ನಾಣ್ಯವನ್ನೇ ಸರ್ಕಾರವು ರದ್ದುಗೊಳಿಸಿದ ಮೇಲೆ ನಲವತ್ತು ಪೈಸೆಯನ್ನು ಕೈಯಿಂದ ಕೈಗೆ ಕೊಡುವ ಉಪಾಯವೇ ಈ ದೇಶದಲ್ಲಿಲ್ಲವಲ್ಲ, ಕೊಡಲಾಗದ ಹಣವನ್ನು ಕೇಳುವುದು ಯಾವ ನ್ಯಾಯವೆಂದು ನನಗೆ ರೇಗಿತು.

ದೂರದರ್ಶನದವರದೊಂದು ಧರ್ಮಛತ್ರವುಂಟೆಂದು ನನಗೆ ತಿಳಿಸಿದವನು ಪೇಟೆಯ ಅಂಗಡಿಯ ರಿಪೇರಿ ಹುಡುಗ. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಿಂದ ಆರಂಭವಾಗಿ, ಈಗ ಡಿಡಿ ಫ್ರೀ ಡಿಶ್ ಎನಿಸಿಕೊಂಡಿರುವ ಆ ವ್ಯವಸ್ಥೆಯಲ್ಲಿ ಡಬ್ಬಿಯನ್ನೂ ಡಿಶ್ಶನ್ನೂ ಒಮ್ಮೆ ಕೊಂಡರಾಯಿತು. ತಿಂಗಳು ತಿಂಗಳು ಕೈಯೊಡ್ಡಿ ನಿಲ್ಲುವವರಿಲ್ಲ. "ಡಿಶ್ ಹಳೇದೇ ಆಗ್ತದೆ ಮಾರಾಯ್ರೆ, ದಿಕ್ಕು ತಿರುಗಿಸಿದ್ರೆ ಸಾಕು" ಎಂದು ಹೇಳಿ ಅವನು ಹೆಂಚಿನ ಮೇಲೆ ಹತ್ತಿದನು. ಯಾವ ದಿಕ್ಕೆಂದು ಕೇಳಲಾಗಿ ಆಗ್ನೇಯದ ಕಡೆಗೆ ಕೈತೋರಿದನು. ಅಡುಗೆಮನೆಯಿರಬೇಕಾದ ಆಗ್ನೇಯದಲ್ಲಿ ನಮ್ಮ ಹಿರಿಯರು ಕೊಟ್ಟಿಗೆಯನ್ನು ಕಟ್ಟಿದ್ದರ ಸಲುವಾಗಿ ಮೂವತ್ತು ವರ್ಷಗಳಿಂದ ಆಕ್ಷೇಪಿಸುತ್ತಿದ್ದ ನನ್ನ ಹೆಂಡತಿಗೆ, ಡಿಶ್ಶಾದರೂ ಆ ದಿಕ್ಕನ್ನು ಗೌರವಿಸಿತೆಂದು ಪರಮ ಸಮಾಧಾನವಾಯಿತು.

ಅದು ಮುಖವೆತ್ತಿ ನೋಡುತ್ತಿದ್ದುದು ಜಿಸ್ಯಾಟ್-15 ಎಂಬ ಉಪಗ್ರಹವನ್ನು. 2015ರ ನವೆಂಬರಿನಲ್ಲಿ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಏರಿಯಾನ್ ರಾಕೆಟ್ಟನ್ನೇರಿ ಹೊರಟ ಈ ಮಹಾಶಯನು, ಭೂಮಿಯಿಂದ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ, ನಾವು ತಿರುಗಿದಷ್ಟೇ ವೇಗದಿಂದ ತಾನೂ ತಿರುಗುತ್ತ, ನಮ್ಮ ಕಣ್ಣಿಗೆ ನಿಂತಲ್ಲೇ ನಿಂತಂತಿರುವನು. ಇಷ್ಟು ದೂರದ ವಸ್ತುವನ್ನು ಅಂಕೆಯಲ್ಲಿಟ್ಟುಕೊಂಡಿರುವವರು ಇಸ್ರೋದ ಹಾಸನದ ನಿಯಂತ್ರಣ ಕೇಂದ್ರದವರು. ನನ್ನ ಹೆಂಡತಿಯ ತವರೂ ಹಾಸನವೇ ಆಗಿರುವುದರಿಂದ, ನಮ್ಮ ಮನೆಯ ಟಿವಿಯ ಸೂತ್ರವೂ ಉಳಿದ ಸೂತ್ರಗಳೊಡನೆ ಒಂದೇ ಊರಿಗೆ ಹೋಗಿ ಸೇರಿದಂತಾಯಿತು.

ಹೊಸ ಡಬ್ಬಿಯ ನಿಜವಾದ ಮಹಿಮೆಯು ಅದರ ಬೆನ್ನಿನ ಒಂದು ಸಣ್ಣ ಕಿಂಡಿಯಲ್ಲಿತ್ತು. ಅಲ್ಲಿಗೆ ಪೆನ್ ಡ್ರೈವ್ ಸಿಕ್ಕಿಸಿ ರಿಮೋಟಿನ ಕೆಂಪು ಗುಂಡಿಯನ್ನೊತ್ತಿದರೆ ಕಾರ್ಯಕ್ರಮವು ರೆಕಾರ್ಡಾಗುವುದು. ಹೊತ್ತು ಗೊತ್ತುಮಾಡಿಟ್ಟರೆ ನಾವು ತೋಟದಲ್ಲಿದ್ದರೂ ತಾನಾಗಿಯೇ ಆಗುವುದು. ಆಗುಂಬೆಗೆ ಸಮೀಪದವರಾದ ನಮಗೆ ಇದು ಕೇವಲ ವಿಲಾಸವಲ್ಲ. ಡಿಶ್ಶಿಗೆ ಬರುವ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸಿನದು. ಜಡಿಮಳೆಯ ದಪ್ಪ ಹನಿಗಳು ಅವನ್ನು ಹೀರಿ, ಚೆದರಿಸಿ, ದಾರಿಯಲ್ಲೇ ಮುಗಿಸಿಬಿಡುತ್ತವೆ. ಕಾಸು ತೆತ್ತಾಗಲೂ ಆಷಾಢದಲ್ಲಿ ನಾವು ನೋಡುತ್ತಿದ್ದುದು ಕರಿಯ ತೆರೆಯನ್ನೇ. ಆದುದರಿಂದ ಹಲಸಿನ ಹಪ್ಪಳವನ್ನು ಬೇಸಗೆಯಲ್ಲಿ ಒಣಗಿಸಿ ಮಳೆಗಾಲಕ್ಕೆ ಡಬ್ಬಿ ತುಂಬಿಡುವಂತೆ, ಚಂದನ ವಾಹಿನಿಯ ಯಕ್ಷಗಾನವನ್ನೂ ಸಂಗೀತ ಕಚೇರಿಯನ್ನೂ, 'ಥಟ್ ಅಂತ ಹೇಳಿ'ಯನ್ನೂ ಬೇಸಗೆಯಲ್ಲಿಯೇ ತುಂಬಿಡುವುದೆಂದು ನಿಶ್ಚಯಿಸಿದೆನು. ಅಂಗಳದಲ್ಲಿ ಆಕೆಯ ಹಪ್ಪಳ, ಒಳಗೆ ನನ್ನದು.

ಒಂದೇ ಕೊರತೆಯೆಂದರೆ ಡಬ್ಬಿಯು ಏಕನಿಷ್ಠೆಯದು. ಒಂದನ್ನು ರೆಕಾರ್ಡು ಮಾಡುತ್ತಿರುವಾಗ ಮತ್ತೊಂದನ್ನು ತೋರಿಸದು. ಈ ಕಾರಣದಿಂದ ಕೆಲವು ಸಂಜೆ ಮನೆಯಲ್ಲಿ ಮಾತುಕತೆ ನಿಂತದ್ದುಂಟು. ಆದರೆ ಭಾರತದ ಪಂದ್ಯವೊಂದು ಡಿಡಿ ಸ್ಪೋರ್ಟ್ಸಿನಲ್ಲಿ ಬಂದ ದಿನ ನನ್ನ ಪ್ರತಿಷ್ಠೆ ಮುಗಿಲು ಮುಟ್ಟಿತು. ದೇಶಕ್ಕೆ ಮುಖ್ಯವಾದ ಪಂದ್ಯಗಳನ್ನು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಬೇಕೆಂಬ 2007ರ ಕಾನೂನೊಂದಿದೆ. ಹಾಗೆ ಬಂದುದನ್ನು ಖಾಸಗಿ ಡಿಶ್ ಕಂಪನಿಗಳು ತೋರಿಸಕೂಡದೆಂದು 2017ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಪರಿಣಾಮವಾಗಿ, ಕ್ರೀಡೆಯ ಪ್ಯಾಕಿಗೆ ಹಣ ಕಟ್ಟಲು ಮರೆತಿದ್ದ ಪಕ್ಕದ ಮನೆಯವರು ಬಿಟ್ಟಿ ಡಿಶ್ಶಿನವನಾದ ನನ್ನ ಜಗಲಿಗೆ ಬಂದು ಕುಳಿತು, ನನ್ನ ದೂರದೃಷ್ಟಿಯನ್ನು ಎರಡು ಲೋಟ ಕಾಫಿಯಾಗುವಷ್ಟು ಹೊತ್ತು ಹೊಗಳಿದರು.

ಜೂನ್ ಕೊನೆಯ ವಾರ ಆಕಾಶ ಕಳಚಿಬಿದ್ದಂತೆ ಮಳೆ ಹಿಡಿಯಿತು. ನಿರೀಕ್ಷಿಸಿದಂತೆ ಮೊದಲು ಚಿತ್ರವು ಚೌಕಚೌಕವಾಗಿ ಒಡೆಯಿತು, ಬಳಿಕ 'ಸಿಗ್ನಲ್ ಇಲ್ಲ' ಎಂಬ ಬರಹವು ಮೂಡಿತು. ನಾನು ಮನೆಮಂದಿಯನ್ನೆಲ್ಲ ಕರೆದು ಕುಳ್ಳಿರಿಸಿ, ಹಪ್ಪಳ ಕರಿಯಲು ಹೇಳಿ, ಭಂಡಾರದ ಬೀಗ ತೆಗೆಯುವ ಶ್ರೀಮಂತನ ಗಾಂಭೀರ್ಯದಿಂದ ಯಕ್ಷಗಾನದ ಕಡತವನ್ನು ತೆರೆದೆನು. ಚೆಂಡೆ ಕೇಳಿಸಲಿಲ್ಲ, ಹೊಲದ ನಡುವೆ ನಾಯಕನೊಬ್ಬನು ಭೋಜಪುರಿಯಲ್ಲಿ ಹಾಡುತ್ತ ಓಡಿಬಂದನು. ಎರಡನೆಯದನ್ನು ತೆರೆದೆ, ಅಲ್ಲಿಯೂ ಅವನೇ. ಫ್ರೀ ಡಿಶ್ಶಿನಲ್ಲಿ ಖಾಸಗಿ ಚಾನಲ್ಲುಗಳ ಸ್ಥಾನಗಳು ಹರಾಜಾಗುತ್ತವೆ. ಏಪ್ರಿಲಿನ ಬದಲಾವಣೆಯ ತರುವಾಯ ನಾನು ಡಬ್ಬಿಯಿಂದ ಚಾನಲ್ಲುಗಳನ್ನು ಹೊಸದಾಗಿ ಹುಡುಕಿಸಿದಾಗ ಚಂದನದ ಸಂಖ್ಯೆ ಬದಲಾಗಿತ್ತು, ನಾನು ಗೊತ್ತುಮಾಡಿಟ್ಟ ಸಂಖ್ಯೆ ಬದಲಾಗಿರಲಿಲ್ಲ. ಎರಡು ತಿಂಗಳ ಕಾಲ ಡಬ್ಬಿಯು ಕಿಂಚಿತ್ತೂ ಲೋಪವಿಲ್ಲದೆ, ನನಗೆ ಒಂದಕ್ಷರವೂ ತಿಳಿಯದ ಭಾಷೆಯ ಚಿತ್ರಗಳನ್ನು ಶೇಖರಿಸಿತ್ತು.

ನಾನು ಆರಿಸಲು ಎದ್ದಾಗ ಹೆಂಡತಿ ತಡೆದಳು. "ಇರ್ಲಿ ಬಿಡ್ರೀ. ಅತ್ತೆ ಸೊಸೆ ಜಗಳ ಅರ್ಥವಾಗೋಕೆ ಭಾಷೆ ಯಾಕೆ?" ಎಂದು ಹಪ್ಪಳದ ತಟ್ಟೆಯನ್ನು ಮುಂದಿಟ್ಟುಕೊಂಡು ಕುಳಿತಳು. ಸೊಸೆಯು ಮನೆಬಿಟ್ಟು ಹೊರಟು ಬಾಗಿಲ ಬಳಿ ತಿರುಗಿ ನೋಡುವ ಹೊತ್ತಿಗೆ ಎಲ್ಲಿಯೋ ಮರ ಬಿದ್ದು ಕರೆಂಟು ಹೋಯಿತು; ಬಂದದ್ದು ನಾಲ್ಕು ದಿನಗಳ ಮೇಲೆ.

ಆ ಚಿತ್ರದ ಉಳಿದರ್ಧ ಇಂದಿಗೂ ಪೆನ್ ಡ್ರೈವಿನಲ್ಲಿ ಭದ್ರವಾಗಿದೆ. ಹಪ್ಪಳ ಮಾತ್ರ ಆಷಾಢ ಕಳೆಯುವುದರೊಳಗೆ ಮುಗಿದುಹೋಯಿತು.