ಶೇಕಡೋಪಾಸಕ

ಓಸ್ಲೋ ನಗರದ ಹೊರವಲಯದಲ್ಲಿ, ಅಕ್ಟೋಬರಿನ ಯಾವುದಾದರೊಂದು ಭಾನುವಾರ, ಒಂದು ಹಿಮಕಣವೂ ಇನ್ನೂ ನೆಲಕ್ಕೆ ಬೀಳದಿರುವಾಗಲೇ, ಮನೆಯ ಮುಂದೆ ಮಂಡಿಯೂರಿ, ತನ್ನ ವಿದ್ಯುತ್ ಕಾರಿನ ಬಾಗಿಲ ರಬ್ಬರ್ ಅಂಚಿಗೆ ಬೆರಳ ತುದಿಯಿಂದ ಸಿಲಿಕೋನ್ ಲೇಪಿಸುತ್ತಿರುವ, ಐವತ್ತರ ಆಸುಪಾಸಿನ, ಉಣ್ಣೆಯ ಟೊಪ್ಪಿಗೆಯ ಗೃಹಸ್ಥನೊಬ್ಬನನ್ನು ನೀವು ಕಂಡಿರಾದರೆ, ದಯವಿಟ್ಟು ಆತನನ್ನು ಮಾತನಾಡಿಸುವ ಗೋಜಿಗೆ ಹೋಗಬೇಡಿ. ಏನು ಮಾಡುತ್ತಿರುವಿರೆಂದು ಕೇಳಿದಿರೋ, ಕತ್ತಲಾಗುವವರೆಗೆ ನಿಮಗೆ ಬಿಡುಗಡೆಯಿಲ್ಲ; ಆ ಸೀಮೆಯಲ್ಲಿ ಆ ಋತುವಿನಲ್ಲಿ ಕತ್ತಲು ಬೇಗನೆ ಆಗುತ್ತದೆಂಬುದೊಂದೇ ಸಮಾಧಾನ.

ಈತನು ಅಲ್ಲಿ ಅಪರೂಪದ ಮನುಷ್ಯನೇನೂ ಅಲ್ಲ. 1989ರಲ್ಲಿ ‘ಆ-ಹಾ’ ವಾದ್ಯವೃಂದದ ಕಲಾವಿದರು ಬೆಲ್ಲೋನಾ ಪರಿಸರ ಸಂಸ್ಥೆಯ ಫ್ರೆಡರಿಕ್ ಹೌಗೆಯವರೊಡಗೂಡಿ, ವಿದ್ಯುತ್ತಿಗೆ ಮಾರ್ಪಡಿಸಿದ ಪುಟ್ಟದೊಂದು ಫಿಯಟ್ ಪಾಂಡಾ ಕಾರನ್ನು ನಾರ್ವೆಗೆ ತಂದು, ರಸ್ತೆಸುಂಕ ಕೊಡುವುದಿಲ್ಲವೆಂದು ಹಠ ಹಿಡಿದು ಓಡಿಸಿದಾಗ ನಕ್ಕ ಜನವೇ ಬಹಳ. 2024ರಲ್ಲಾದರೋ, ಆ ದೇಶದಲ್ಲಿ ನೋಂದಣಿಯಾದ ಹೊಸ ಕಾರುಗಳ ಪೈಕಿ ನೂರಕ್ಕೆ ಸುಮಾರು 89 ಪೂರ್ಣ ವಿದ್ಯುತ್ ಕಾರುಗಳೇ. ನಕ್ಕವರೂ ಅವರ ಮಕ್ಕಳೂ ಈಗ ಚಾಲಕಪೀಠದಲ್ಲಿ ಕುಳಿತಿರುವರು. ಅವರಲ್ಲಿ ಬಹುಮಂದಿ ಗುಂಡಿಯೊತ್ತಿ, ಕಾರು ಬಿಸಿಮಾಡಿಕೊಂಡು, ತಮ್ಮ ಪಾಡಿಗೆ ಕಚೇರಿಗೆ ಹೋಗಿಬರುವರು. ನಮ್ಮ ನಾಯಕನು ಆ ಸಾಮಾನ್ಯವರ್ಗಕ್ಕೆ ಸೇರಿದವನಲ್ಲ.

ಆತನು ವಿಷಯಜ್ಞಾನವಿಲ್ಲದವನೆಂದು ಮಾತ್ರ ಯಾರೂ ಹೇಳಲಾರರು. ಚಳಿಯೇರಿದಂತೆ ಬ್ಯಾಟರಿಯೊಳಗೆ ಲಿಥಿಯಂ ಅಯಾನುಗಳ ಸಂಚಾರ ಮಂದವಾಗುವುದು, ಆಂತರಿಕ ರೋಧ ಹೆಚ್ಚುವುದು, ಹೆಪ್ಪುಗಟ್ಟುವ ಶೈತ್ಯದಲ್ಲಿ ಅವಸರದಿಂದ ಚಾರ್ಜು ಮಾಡಿದರೆ ಲಿಥಿಯಂ ಲೋಹರೂಪದಲ್ಲಿ ಋಣಧ್ರುವದ ಮೇಲೆ ಲೇಪಗೊಂಡು ಕೋಶಕ್ಕೆ ಹಾನಿಯಾಗುವುದು, ಪೆಟ್ರೋಲ್ ಎಂಜಿನ್ನು ವ್ಯರ್ಥಮಾಡುವ ಉಷ್ಣದಿಂದಲೇ ಪ್ರಯಾಣಿಕರು ಪುಕ್ಕಟೆಯಾಗಿ ಬೆಚ್ಚಗಿರುತ್ತಿದ್ದರೆ ಮಿತವ್ಯಯಿಯಾದ ವಿದ್ಯುತ್ ಮೋಟಾರಿನಿಂದ ಅಂಥ ಔದಾರ್ಯವನ್ನು ನಿರೀಕ್ಷಿಸಲಾಗದಿರುವುದು, ಇವೆಲ್ಲವನ್ನೂ ಆತನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪಿಲ್ಲದೆ ಒಪ್ಪಿಸುವನು. ಹೇಳುವುದೆಲ್ಲ ನಿಜವೇ, ನಿಜವನ್ನೇ ಅಷ್ಟು ಹೊತ್ತು ಕೇಳುವುದು ಎಷ್ಟು ಕಷ್ಟವೆಂಬುದು ಆತನ ಹೆಂಡತಿಗೆ ಗೊತ್ತು.

ಚಳಿಗಾಲದ ಚಕ್ರಗಳ ಪ್ರಕರಣವೇ ಬೇರೆ. ನಾರ್ವೆಯ ಕಾನೂನಿನ ಪ್ರಕಾರ ಚಳಿಗಾಲದಲ್ಲಿ ಟೈರಿನ ಗೀರುಗಳಿಗೆ ಕನಿಷ್ಠ 3 ಮಿಲಿಮೀಟರ್ ಆಳವಿರಬೇಕು. ಈತನ ಟೈರುಗಳು ಹೊಸವಾದರೂ ಅಳತೆಗೋಲು ಮಾತ್ರ ಸದಾ ಜೇಬಿನಲ್ಲಿ, ನೆರೆಯವರ ಟೈರುಗಳ ಹಿತಾರ್ಥವಾಗಿ. ಮೊಳೆಯುಳ್ಳ ಟೈರಿಗೆ ಓಸ್ಲೋದಲ್ಲಿ ಪ್ರತ್ಯೇಕ ಶುಲ್ಕ ತೆರಬೇಕಾದ್ದರಿಂದ, ಮೊಳೆಯ ಪಕ್ಷದವರೊಡನೆ ಆತನಿಗಿರುವ ವಾಗ್ವಾದವು ಮಾರ್ಚ್ ತಿಂಗಳವರೆಗೂ ಬತ್ತದು.

ಇಷ್ಟಾದ ಮೇಲೆ ಕಾರು ಸಿದ್ಧವಾಯಿತು; ಸಿದ್ಧಗೊಳ್ಳಬೇಕಾದವರು ಮನೆಯ ಜನ. ಡಿಸೆಂಬರಿನ ಶುಕ್ರವಾರ, ದೇಶಕ್ಕೆ ದೇಶವೇ ಗುಡ್ಡಗಾಡಿನ ಮರದ ಮನೆಗಳತ್ತ ಗುಳೆಯೇಳುವ ಸಂಜೆ, ಪ್ರಯಾಣವಿರುವುದು ಲಿಲ್ಲೆಹಾಮರ್ ಸಮೀಪಕ್ಕೆ, ಸುಮಾರು 180 ಕಿಲೋಮೀಟರು. ಎಂದೂ 80 ಮೀರದ ಬ್ಯಾಟರಿಗೆ ಅಂದು ನೂರರವರೆಗೆ ವಿಶೇಷ ಅನುಮತಿ. ಕಾರು ಗೋಡೆಯ ವಿದ್ಯುತ್ತಿನಿಂದಲೇ ಮುಂಚಿತವಾಗಿ ಬೆಚ್ಚಗಾಗುತ್ತಿರುವಾಗ, ಆತನು ಊಟದ ಮೇಜಿನ ಕೆಳಗೆ ಫೋನನ್ನು ಹಿಡಿದು, ತುತ್ತಿಗೊಮ್ಮೆ ಉಷ್ಣಾಂಶವನ್ನು ಇಣಿಕಿ ನೋಡುವನು. ಸಲಿಕೆ, ಕಂಬಳಿ, ಕಾಫಿಯ ಫ್ಲಾಸ್ಕು, ತಲೆದೀಪ, ಕ್ವಿಕ್ ಲುಂಶ್ ಚಾಕೊಲೇಟು ಇವೆಲ್ಲ ಒಳಗೆ ಸೇರುವವು. ದಾರಿಯುದ್ದಕ್ಕೂ ಚಾರ್ಜಿಂಗ್ ಕೇಂದ್ರಗಳೂ ಉಪಾಹಾರಗೃಹಗಳೂ ಇರುವ ಇ6 ಹೆದ್ದಾರಿಯಲ್ಲಿ ಧ್ರುವಯಾತ್ರೆಗೆ ಹೊರಟ ಅಮುಂಡ್ಸೆನ್ನನ ಗಾಂಭೀರ್ಯದಿಂದ ಈ ಸಂಸಾರ ಹೊರಡುವುದು.

ಹತ್ತು ನಿಮಿಷ ಕಳೆಯುವಷ್ಟರಲ್ಲಿ ಆತನ ಕೈ ಮೆಲ್ಲಗೆ ಹೀಟರಿನತ್ತ ಸರಿಯುವುದು. ಕಾರಿನ ಗಾಳಿಯನ್ನೆಲ್ಲ ಕಾಯಿಸುವುದಕ್ಕಿಂತ ಆಸನವನ್ನು ಬಿಸಿಮಾಡುವುದು ಎಷ್ಟೋ ಅಗ್ಗವೆಂಬುದು ಶಾಸ್ತ್ರಸಮ್ಮತವೇ. ಆದರೆ ಬೆನ್ನು ಬೆಂದು ಮೂಗು ಮರಗಟ್ಟುವ ಈ ಸ್ಥಿತಿಯನ್ನು ಶಾಸ್ತ್ರಕಾರರು ಅನುಭವಿಸಿದ್ದರೋ ಇಲ್ಲವೋ ತಿಳಿಯದು. ಹಿಂದಿನ ಆಸನದಲ್ಲಿರುವ ಮಗಳು ಕೈಗವಸು ತೊಟ್ಟೇ ಪುಸ್ತಕದ ಹಾಳೆ ಮಗುಚುವಳು. ಹೆಂಡತಿ ಮಾತಾಡದೆ ಬೆರಳು ಚಾಚಿ ಹೀಟರನ್ನು 21ಕ್ಕೆ ಏರಿಸುವಳು. ಸುರಂಗವೊಂದು ಬಂದಾಗ ಅದು 18ಕ್ಕೆ ಇಳಿದಿರುವುದು. ಸುರಂಗ ಮುಗಿಯುವಷ್ಟರಲ್ಲಿ ಮತ್ತೆ 21. “ಎಂಬತ್ತೊಂದು,” ಎಂದು ಆತನು ನಿಟ್ಟುಸಿರಿಡುವನು. ಕಿಟಕಿಯಾಚೆ ಮ್ಯೋಸ ಸರೋವರವು ಬೆಳದಿಂಗಳಲ್ಲಿ ಹರಡಿದ್ದರೂ ಆತನ ದೃಷ್ಟಿ ಅಂಕಿಯಿಂದ ಕದಲದು. “ಎಪ್ಪತ್ತೊಂಬತ್ತು.” ಯಾರೂ ಹೂಂಗುಟ್ಟುವುದಿಲ್ಲ.

ನಾರ್ವೆಯ ವಾಹನಚಾಲಕರ ಸಂಘವು ವರ್ಷವರ್ಷವೂ ಚಳಿಗಾಲದಲ್ಲಿ ಹಲವಾರು ವಿದ್ಯುತ್ ಕಾರುಗಳನ್ನು ಬೆಟ್ಟದ ದಾರಿಯಲ್ಲಿ ಬ್ಯಾಟರಿ ಬರಿದಾಗಿ ನಿಲ್ಲುವವರೆಗೂ ಓಡಿಸಿ ಪರೀಕ್ಷಿಸುವುದುಂಟು. ಆ ಫಲಿತಾಂಶದ ಕೋಷ್ಟಕವನ್ನು ಆತನು ಕಂಠಸ್ಥ ಮಾಡಿರುವನು. ತನ್ನ ಕಾರೂ ಒಮ್ಮೆ ಹಾಗೆ ನಿಂತುಹೋಗಿ, ಸಲಿಕೆ ಕಂಬಳಿಗಳು ಸಾರ್ಥಕವಾಗಲೆಂಬ ಅವ್ಯಕ್ತವಾದ ಆಸೆಯೊಂದು ಆತನ ಅಂತರಂಗದಲ್ಲಿ ಇರಬಹುದೆಂದು ನನ್ನ ಗುಮಾನಿ.

ಆಸೆ ಕೈಗೂಡುವುದಿಲ್ಲ. ಮನೆ ಮುಟ್ಟಿದಾಗ ಬ್ಯಾಟರಿಯಲ್ಲಿ ನೂರಕ್ಕೆ 46 ಉಳಿದಿರುವುದು. ಅದೇ ಹೊತ್ತಿಗೆ, ಅದೇ ಮಾದರಿಯ ಕಾರಿನಲ್ಲಿ, ಹೀಟರನ್ನು ಉದ್ದಕ್ಕೂ ಉರಿಸಿಕೊಂಡು, ಅಂಗಿಯ ತೋಳು ಮಡಿಚಿದ ನೆರೆಮನೆಯಾತ ಶಿಳ್ಳೆ ಹಾಕುತ್ತ ಬಂದಿಳಿಯುವನು. ಅವನಲ್ಲಿ ಉಳಿದದ್ದು 39. ಆ ರಾತ್ರಿ ಒಲೆಯ ಮುಂದೆ ನಮ್ಮ ನಾಯಕನು ಈ ಏಳರ ವಿಜಯವನ್ನು ಸವಿಸ್ತಾರವಾಗಿ ನಿರೂಪಿಸುವನು. ಕಾಲಿಗೆ ಎರಡು ಜೊತೆ ಉಣ್ಣೆಯ ಕಾಲುಚೀಲ ಏರಿಸಿ ಕುಳಿತ ಹೆಂಡತಿ, ಉಳಿಸಿದ ಆ ಏಳರಿಂದ ಏನು ಮಾಡಬಹುದೆಂದು ಕೇಳುವಳು.

“ಮರಳಿ ಹೊರಡುವ ಮುನ್ನ,” ಎಂದು ಆತನು ಸಂಭ್ರಮದಿಂದ ಉತ್ತರಿಸುವನು, “ಕಾರನ್ನು ಬಿಸಿಮಾಡಬಹುದು.”