ಟ್ರಂಕಿನೊಳಗಿನ ಖಣ, ಗುಡಿಯೊಳಗಿನ ಭಾಂಡೆ

ಘಟ ಹಾಕೋ ದಿನ ಹತ್ತಿರ ಬಂತಂದ್ರ ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆ ಹಳ್ಳದ ದಂಡೆ, ಕೆನಾಲಿನ ದಂಡೆ ಎಲ್ಲಾ ಕೌದಿಮಯ. ಮನೆಯೊಳಗಿನ ಹಾಸಿಗೆ-ಹೊದಿಕೆ ಒಂದೂ ಬಿಡದೆ ಟಂಟಂಗೆ ಹೇರಿಕೊಂಡು ಹೋಗಿ, ಬಡಿದು, ಹಿಂಡಿ, ಬಂಡೆಯ ಮೇಲೆ ಒಣಹಾಕುತ್ತಾರೆ. ತೊಯ್ದ ಕೌದಿ ಹಿಂಡೋದು ಹುಡುಗಾಟ ಅಲ್ಲ ಬಿಡ್ರಿ, ಆ ತುದಿಗೊಬ್ಬರು ಈ ತುದಿಗೊಬ್ಬರು ನಿಂತು ತಿರುವಬೇಕು. ದೇವರು ಕೂಡ್ರೋ ಮುಂದ ಮನಿ ಹಸನಾಗಿರಬೇಕು ಅಂತ ಹಿರಿಯರು ಹಾಕಿಕೊಟ್ಟ ಪದ್ಧತಿ. ವರ್ಷಕ್ಕೊಮ್ಮೆ ಟ್ರಂಕು ಬಾಯಿ ತೆರೆಯೋದೂ ಆವಾಗಲೇ.

ತೆರೆದರೆ ಮೊದಲು ಕಾಣೋದು ಏನು ಹೇಳ್ರಿ? ಖಣ! ಲಗ್ನದಾಗ ಉಡಿ ತುಂಬಿದ್ದು, ಕುಬಸದಾಗ ಕೊಟ್ಟಿದ್ದು, ತವರಿನಿಂದ ಬಂದಿದ್ದು. ಹಿಂದೆ ಗುಳೇದಗುಡ್ಡದ ಖಣ ಅಂದರೆ ಹೊಲಿಸಿಕೊಂಡು ಮೆರೆಯುವಂಥದ್ದು. ಈಗ ಕಟ್ಟುಗಟ್ಟಲೆ ಬರುವ ಜಂಪರ್ ಪೀಸನ್ನು ಹೊಲಿಸುವವರು ಕಡಿಮೆ. ತೋಳಿಗೆ ಸಾಕಾದರೆ ಬೆನ್ನಿಗೆ ಸಾಲದು. ಹಂಗಂತ ಒಗೆಯುವ ಹಾಗೂ ಇಲ್ಲ, ಉಡಿಯಲ್ಲಿ ಬಿದ್ದದ್ದು ನೋಡ್ರಿ. ಹಿಂಗಾಗಿ ಅದು ಟ್ರಂಕಿನಿಂದ ಟ್ರಂಕಿಗೆ ಊರೂರು ತಿರುಗುತ್ತದೆ. ನಮ್ಮ ಚಿಗವ್ವ ಒಮ್ಮೆ ಒಂದು ಹಸಿರು ಖಣದ ಅಂಚಿಗೆ ಕೆಂಪು ದಾರದ ಗುರುತು ಹಾಕಿ ಕೊಟ್ಟಿದ್ದಳು. ಅದು ಯಾರ‍್ಯಾರ ಲಗ್ನ, ಯಾರ‍್ಯಾರ ಕುಬಸ ಮುಗಿಸಿ ಬಂತೋ, ಒಂದು ಪಂಚಮಿಗೆ ತಿರುಗಿ ಅವಳ ಉಡಿಗೇ ಬಿತ್ತು. ಗುರುತು ಹಿಡಿದು ಅವಳು ನಕ್ಕ ನಗು ಓಣಿಗೆಲ್ಲ ಕೇಳಿಸಿತ್ತು. ನಿಮ್ಮ ಮನ್ಯಾಗೂ ಇಂಥ ಊರು ತಿರುಗುವ ಖಣ ಇದ್ದೇ ಇರಬೇಕು, ಅಲ್ವಾ?

ಖಣದ ಕೆಳಗೆ ಆಹೇರಿಯಾಗಿ ಬಂದ ಸ್ಟೀಲಿನ ಡಬ್ಬಿ, ಅದರೊಳಗೆ ಇನ್ನೊಂದು ಡಬ್ಬಿ. ನಾಗೊಂದಿಯ ಮೇಲೆ ಇಂಡಿ ನಿಂಬೆಯ ಉಪ್ಪಿನಕಾಯಿ ಮುಗಿದು ಖಾಲಿ ನಿಂತ ಬರಣಿಗಳು. ಕೇಳಿದರೆ "ಇರಲಿ, ಬೇಕಾಗ್ತದ" ಅಂತಾರೆ.

ನಮ್ಮ ಮಂದಿ ಇಷ್ಟು ಕೂಡಿಡೋದು ಆಸೆಬುರುಕತನದಿಂದ ಅಂತ ನಾನು ಒಪ್ಪೋದಿಲ್ಲ. ಈ ಸೀಮೆಯ ಮಳೆಯನ್ನು ನಂಬಿ ಕೂತವರು ಯಾರಿದ್ದಾರೆ? ಹಗೇವು ನೆನಪಿದೆಯಲ್ಲ? ನೆಲದೊಳಗೆ ಆಳವಾಗಿ ತೋಡಿ, ಹುಲ್ಲು ಹಾಸಿ, ಮಾಲದಂಡಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಬಡಿದುಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ತೆಗೆಯುವ ದಿನ ಮಾತ್ರ ಭಾರಿ ಎಚ್ಚರ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಾಯಿ ತೆರೆದಿಟ್ಟು ಕಾಯಬೇಕು, ದೀಪ ಇಳಿಸಿ ನೋಡಬೇಕು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ, ಇಳಿದವರ ಜೀವ ಹೋದದ್ದೂ ಉಂಟು. 1972ರ ಬರ ಕಂಡ ಹಿರಿಯರನ್ನು ಕೇಳಿ, ಕಾಳಿನ ಬೆಲೆ ಏನೆಂದು ಹೇಳುತ್ತಾರೆ. ಹಗೇವಿನೊಳಗಿನ ಜೋಳಕ್ಕೆ ಒಂದು ಕೆಲಸ ಇತ್ತು, ಬರದ ವರ್ಷಕ್ಕಾಗಿ ಅದು ಕಾದು ಕೂತಿರುತ್ತಿತ್ತು. ಡಬ್ಬಿಯೊಳಗಿನ ಡಬ್ಬಿಗೆ ಯಾವ ಕೆಲಸ ಇದೆ?

ಜಪಾನಿನ ಮಾರಿ ಕೊಂಡೊ ಅನ್ನುವ ಹೆಣ್ಣುಮಗಳು ಮನೆ ಹಗುರ ಮಾಡೋ ಪುಸ್ತಕ ಬರೆದು ಲೋಕಕ್ಕೆಲ್ಲ ಹೆಸರಾಗಿದ್ದಾಳೆ. ಒಂದೊಂದೇ ವಸ್ತು ಕೈಯಲ್ಲಿ ಹಿಡಿದು ಖುಷಿ ಆಗ್ತದೇನು ನೋಡು, ಆಗದಿದ್ದರೆ ಅದಕ್ಕೊಂದು ನಮಸ್ಕಾರ ಹೇಳಿ ಕಳಿಸು ಅಂತಾಳೆ. ಆಕೆ ಮೊದಲು ಶಿಂಟೋ ಗುಡಿಯಲ್ಲಿ ಸೇವೆಗಿದ್ದವಳು, ನಮಸ್ಕಾರದ ರೂಢಿ ಅಲ್ಲಿಂದ ಬಂದಿರಬೇಕು. ಮಾತು ಚಂದ. ಆದರೆ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ದಾಸೋಹದ ಮಾತು ಕೇಳುತ್ತ ಬೆಳೆದ ನಮಗೆ ಇನ್ನೊಂದು ಪ್ರಶ್ನೆ ಹತ್ತಿರದ್ದು: ಇದು ಯಾರಿಗೆ ಬೇಕಾದೀತು?

ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಹೊಸದಲ್ಲ. ಅವಳ ಊರು ಲಿಂಗಸೂಗೂರು ಸೀಮೆಯ ಅಮರೇಶ್ವರ, ಮುದ್ದೇಬಿಹಾಳದವರಿಗೆ ಅದೇನು ದೂರ! ಗಂಡ ಮಾರಯ್ಯ ದಿನದ ಲೆಕ್ಕ ಮೀರಿ ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂತ ತಿರುಗಿಸಿ ಕಳಿಸಿದಳಲ್ಲ, ಅದನ್ನು ನೆನೆದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಆ ಅಕ್ಕಿ ಅವಳ ಸ್ವಂತಕ್ಕಾಗಿ ಬಂದದ್ದಲ್ಲ, ದಾಸೋಹಕ್ಕೆ ಬಂದದ್ದು. ಬಡವಿ ಬೇರೆ. ಆದರೂ ಬೇಡ ಅಂದಳು. ಹೊಸ್ತಿಲಲ್ಲೇ ತಡೆದದ್ದು ಅಟ್ಟಕ್ಕೆ ಏರುವ ಮಾತೆಲ್ಲಿ?

ನಮ್ಮ ಕಣ್ಣೆದುರಿನ ಕಾಲದಲ್ಲೂ ಒಬ್ಬರಿದ್ದರಲ್ಲ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಅಪ್ಪಗಳು. ಬಿಳಿ ಅಂಗಿ, ಅದಕ್ಕೆ ಜೇಬಿಲ್ಲ. ಸಣ್ಣವರಿದ್ದಾಗ ಪ್ರವಚನದಲ್ಲಿ ಮುಂದೆ ಕೂತು ನಾವು ಆ ಅಂಗಿಯನ್ನೇ ನೋಡುತ್ತಿದ್ದೆವು. ಕೈವಸ್ತ್ರ ಎಲ್ಲಿಡ್ತಾರ, ಯಾರಾದರೂ ದಕ್ಷಿಣೆ ಕೊಟ್ಟರೆ ಎಲ್ಲಿ ಹಾಕ್ತಾರ ಅಂತ ನಮ್ಮ ನಮ್ಮೊಳಗೇ ಪಿಸುಮಾತು. ದೊಡ್ಡವರಾದ ಮೇಲೆ ತಿಳಿಯಿತು: ಹಾಕಿಕೊಳ್ಳಲು ಜಾಗವೇ ಇರಬಾರದು ಅಂತಲೇ ಆ ಅಂಗಿ. 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದ ಬೇಡವೆಂದರು. 2014ರ ಗುರುಪೂರ್ಣಿಮೆಗೇ ಬರೆದಿಟ್ಟ ಪತ್ರದಲ್ಲಿ ತಮಗೆ ಸಮಾಧಿ, ಸ್ಮಾರಕ ಯಾವುದೂ ಬೇಡ, ದೇಹಕ್ಕೆ ಅಗ್ನಿಸ್ಪರ್ಶ ಸಾಕು, ಬೂದಿ ಹೊಳೆಗೋ ಕಡಲಿಗೋ ಸೇರಲಿ ಎಂದಿದ್ದರು. 2023ರ ಜನವರಿ 2ರಂದು ಅವರು ಹೋದ ಮೇಲೆ ಹಾಗೇ ಆಯಿತು. ಲಕ್ಷಗಟ್ಟಲೆ ಮಂದಿ ಅಳುತ್ತ ನಿಂತಿದ್ದರೂ ಒಂದು ಗದ್ದುಗೆ ಏಳಲಿಲ್ಲ.

ನಮ್ಮ ಓಣಿಯ ಚಾಚಾ ರಂಜಾನಿನಲ್ಲಿ ಲೆಕ್ಕದ ಪುಸ್ತಕ ಹಿಡಿದು ಕೂಡ್ರುವುದನ್ನು ಬೇಲಿಯಾಚೆಯಿಂದ ಎಷ್ಟೋ ಸಲ ಕಂಡಿದ್ದೇನೆ. ಜಕಾತಿನ ಲೆಕ್ಕ. ಕೂಡಿಟ್ಟ ಬಂಗಾರ, ಬೆಳ್ಳಿ, ರೊಕ್ಕ ಇಂತಿಷ್ಟು ಮೀರಿ ಒಂದು ವರ್ಷ ಉಳಿದಿದ್ದರೆ ಅದರ ನಲವತ್ತರಲ್ಲಿ ಒಂದು ಪಾಲು ಇಲ್ಲದವರಿಗೆ. ದಿನಬಳಕೆಯ ಗಂಗಾಳ, ಚರಿಗೆ ಈ ಲೆಕ್ಕಕ್ಕೆ ಬರೋದಿಲ್ಲ. "ವರ್ಷ ತುಂಬಿತೇನು?" ಅಂತ ಅವರು ಹೆಂಡತಿಯನ್ನು ಕೇಳುವ ದನಿ ಕೇಳಿ ಕೇಳಿ ನಾನೂ ನಮ್ಮ ಅಟ್ಟದ ಸಾಮಾನಿಗೆ ಅದೇ ಪ್ರಶ್ನೆ ಕೇಳುವಂತಾಗಿದೆ.

ಉತ್ತರ ಬಂದ ಮೇಲೆ ದಾರಿ ತಾನೇ ಸಿಗುತ್ತದೆ. ಹಳೆಯ ಬಟ್ಟೆಗಂತೂ ಕೌದಿ ಇದೆ: ಅಜ್ಜನ ಧೋತರ ಒಳಪದರಕ್ಕೆ, ಅವ್ವನ ಇಳಕಲ್ ಸೀರೆಯ ಕೆಂಪು ಸೆರಗು ನಡುವಿಗೆ, ಹೊಲಿಸದೆ ಉಳಿದ ಖಣ ಸುತ್ತಲಿನ ಪಟ್ಟಿಗೆ. ಥಂಡಿಯಲ್ಲಿ ಮೊಮ್ಮಕ್ಕಳು ಹೊದ್ದು ಮಲಗಲಿ. ಪಾತ್ರೆಗೆ ಗುಡಿ ಇದೆ. ನಮ್ಮ ಕಡೆ ಬಹಳಷ್ಟು ಊರಲ್ಲಿ ಗುಡಿಯ, ಮಠದ ಭಾಂಡೆ ಇರುತ್ತವಲ್ಲ, ಯಾರ ಮನೆಯ ಲಗ್ನಕ್ಕಾದರೂ ಒಯ್ದು ತೊಳೆದು ತಂದಿಡಬೇಕು. ಕೊಟ್ಟವರ ಹೆಸರು ಅಂಚಿಗೆ ಕೊರೆದಿರುತ್ತದೆ. ನನ್ನ ಅಜ್ಜಿ ತನ್ನ ದೊಡ್ಡ ಹಿತ್ತಾಳೆ ಹಂಡೆಯನ್ನು ಗುಡಿಗೆ ಕೊಟ್ಟಳು. ಮೊನ್ನೆ ಪರಿಚಯವೇ ಇಲ್ಲದವರ ಮನೆಯ ಊಟಕ್ಕೆ ಹೋದಾಗ ಅದೇ ಹಂಡೆ ನೀರು ತುಂಬಿಕೊಂಡು ನಿಂತಿತ್ತು, ಅಜ್ಜಿಯ ಹೆಸರಿನ ಅಕ್ಷರ ಅರ್ಧ ಸವೆದಿತ್ತು. ಮನೆಯ ಅಟ್ಟದಲ್ಲಿದ್ದಿದ್ದರೆ ಯಾರು ಓದುತ್ತಿದ್ದರು ಆ ಹೆಸರನ್ನು?

ಗುಡಿಗೆ ಕೊಡುವುದೆಂದು ತೂತು ಬಿದ್ದದ್ದನ್ನು ಮಾತ್ರ ಹೇರಬಾರದು ನೋಡ್ರಿ. ತೂತಿನದು ಗುಜರಿಗೆ, ನಾಲ್ಕು ಮಂದಿ ಉಣ್ಣಲು ಬರುವಂಥದ್ದು ಗುಡಿಗೆ.

ನಮ್ಮ ಮನೆಯ ಎರಡು ಬೋಗುಣಿ, ಒಂದು ಡಜನ್ ತಾಟು ಬರುವ ಸೋಮವಾರ ಮಠಕ್ಕೆ ಹೋಗುತ್ತವೆ. ನಿಮ್ಮದೇನಾದರೂ ಇದ್ದರೆ ಭಾನುವಾರ ಸಂಜೆಯೊಳಗೆ ತೊಳೆದು ಬೇಲಿ ಈಚೆ ಕೊಟ್ಟುಬಿಡ್ರಿ, ಟಂಟಂನಲ್ಲಿ ಜಾಗ ಇದೆ.