ಹೆಜಮಾಡಿ ಟೋಲ್‌ಗೇಟು ಪರಿಸರದ ದ್ವಿಚಕ್ರಿಗಳಲ್ಲಿ ಮಿಣುಕು ಸಂಕಥನ: ಒಂದು ತಾತ್ತ್ವಿಕ ಅನುಸಂಧಾನ

1. ಪ್ರವೇಶಿಕೆ ಮತ್ತು ವ್ಯಾಪ್ತಿ

ಪ್ರಸ್ತುತ ಪ್ರಬಂಧವು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಓಡಾಡುವ ಬೈಕುಗಳ ಇಂಡಿಕೇಟರನ್ನು ಒಂದು ಪಠ್ಯವನ್ನಾಗಿ ಓದಲು ಹವಣಿಸುತ್ತದೆ. ಇಂಡಿಕೇಟರೆಂದರೆ ಬರಿಯ ದೀಪವಲ್ಲ; ಚಾಲಕನ ಅಂತರಂಗವು ಹಿಂದಿನವನ ಬಹಿರಂಗದೊಡನೆ ನಡೆಸುವ ವಾಗ್ವಾದದ ನೆಲೆ. (ಈ ವಾಕ್ಯದ ಅರ್ಥ ಕೇಳಬೇಡಿ. ಊಟದ ಸಾರು ಆರುವ ತನಕ ವಿಚಾರಸಂಕಿರಣಗಳಲ್ಲಿ ಕೂತವನಿಗೆ ಇಂಥದ್ದೊಂದನ್ನು ಬರೆಯುವ ಹಕ್ಕು ಇದ್ದೇ ಇದೆ.) ಅಧ್ಯಯನದ ಬಡಗು ಮೇರೆ ಪಡುಬಿದ್ರಿ, ತೆಂಕು ಮೇರೆ ಶಾಂಭವಿ ಹೊಳೆ. ಹೊಳೆ ದಾಟಿದರೆ ಜಿಲ್ಲೆ ಬದಲಾಗಿ ನಂಬರ್ ಪ್ಲೇಟಿನಲ್ಲಿ ಕೆಎ 20 ಹೋಗಿ ಕೆಎ 19 ಬರುತ್ತದೆ. ಹೇಳದೆ ಕೇಳದೆ ತಿರುಗುವ ಪರಂಪರೆ ಮಾತ್ರ ಎರಡೂ ದಡದಲ್ಲಿ ಒಂದೇ.

2. ಮಿಣುಕುಭಾವಗಳ ವರ್ಗೀಕರಣ

ಸ್ಥಾಯಿ: ಮೂಲ್ಕಿಯಲ್ಲಿ ಹಾಕಿದ್ದು ಕಾಪುವಿನಲ್ಲೂ ಮಿಣುಕುತ್ತಿರುವುದು.

ಸಂಚಾರಿ: ಎಲ್‌ಇಡಿ ಹಾಕಿಸಿದೊಡನೆ ಟಕಟಕಟಕ ಎಂದು ಓಡುವುದು. ಕಂಪನಿಯ 10 ವ್ಯಾಟಿನ ಎರಡು ಬಲ್ಬು ಸೇರಿ ಒಂದೂವರೆ ಆಂಪಿಯರಿಗಿಂತ ಹೆಚ್ಚು ಕರೆಂಟು ಎಳೆಯುತ್ತವೆ; ಎಲ್‌ಇಡಿಗೆ ಅದರ ಸಣ್ಣ ಪಾಲು ಸಾಕು. ದೀಪ ಮಿಣುಕಿಸುವ ಹಳೆಯ ಫ್ಲಾಶರ್, ಬಲ್ಬು ಸುಟ್ಟಿದೆ ಎಂದುಕೊಂಡು ಗಾಬರಿಬೀಳುತ್ತದೆ. ಎಲ್‌ಇಡಿಗೆ ಒಗ್ಗುವ ಫ್ಲಾಶರ್ ಹಾಕಿದರೆ ಮುಗಿಯಿತು.

ಸಾತ್ತ್ವಿಕ: ಎಡ ಒತ್ತಿದರೂ ಬಲ ಒತ್ತಿದರೂ ನಾಲ್ಕೂ ಮಿಣುಕುವ, ಭೇದವಳಿದ ಪರಮಸ್ಥಿತಿ. ಮಧ್ವಾಚಾರ್ಯರು ಹುಟ್ಟಿದ ಜಿಲ್ಲೆಗೆ ಈ ಅದ್ವೈತ ನುಸುಳಿದ್ದು ಹೇಗೆ? ಮೀಟರಿನಲ್ಲಿ ಎರಡೂ ಕಡೆಗೆ ಒಂದೇ ಪುಟ್ಟ ಬಲ್ಬಿರುವ ಬೈಕುಗಳಲ್ಲಿ ಅದರ ಒಂದು ತುದಿ ಎಡದ ವಯರಿಗೆ, ಇನ್ನೊಂದು ಬಲದ ವಯರಿಗೆ. ಎಡ ಒತ್ತಿದಾಗ ಕರೆಂಟು ಅದನ್ನು ಹಾದು ಬಲಗಡೆಯ ಬಲ್ಬುಗಳ ಮೂಲಕ ಅರ್ತಿಗಿಳಿಯುತ್ತದೆ. ಅಷ್ಟು ಕರೆಂಟಿಗೆ ಹಳೆಯ ಬಲ್ಬು ಉರಿಯದು, ಎಲ್‌ಇಡಿ ಉರಿಯುತ್ತದೆ. ಮದ್ದು ಇಷ್ಟೆ: ಕಿತ್ತಳೆ, ತಿಳಿನೀಲಿ ವಯರುಗಳಿಂದ ಒಂದೊಂದು 1ಎನ್4007 ಡಯೋಡ್ ಮೂಲಕ ಮೀಟರ್ ಬಲ್ಬಿನ ಒಂದು ತುದಿಗೆ, ಇನ್ನೊಂದು ತುದಿ ಹಸಿರು ಅರ್ತಿಗೆ. (ಬಣ್ಣಗಳು ಹೋಂಡಾ ಪರಂಪರೆಯವು. ಉಳಿದ ಘರಾಣೆಗಳದ್ದು ಬೇರೆ.) ಎರಡು ಡಯೋಡಿಗೆ ಒಂದು ಚಹಾದಷ್ಟೂ ದುಡ್ಡು ಬೇಡ. ಆದರೆ ಗ್ಯಾರೇಜಿನಲ್ಲಿ ಸಿಕ್ಕಿದ ಉತ್ತರ, “ನಾಲ್ಕೂ ಹೊತ್ತುತ್ತದಲ್ಲ ಮಾರಾಯ್ರೆ, ಇನ್ನೇನು ಬೇಕು ನಿಮಗೆ?”

ವ್ಯಭಿಚಾರಿ ಎಂಬ ನಾಲ್ಕನೆಯದನ್ನೂ ಸಂಚಾರಿಗಿಂತ ಬೇರೆಯೆಂದು ಸಾಧಿಸಿ ಒಂದು ಪುಟ ತುಂಬಿಸಬಹುದಿತ್ತು. ಬೇಡ, ಸಾಕು.

3. ಜೋಡಣೆಯ ಸೌಂದರ್ಯಮೀಮಾಂಸೆ

ಮೀಮಾಂಸೆಯೂ ಇಲ್ಲ, ಮಣ್ಣೂ ಇಲ್ಲ. ಗ್ಯಾರೇಜಿನವರು ಹಲ್ಲಿನಲ್ಲಿ ವಯರಿನ ಸಿಪ್ಪೆ ಕಚ್ಚಿ ತೆಗೆಯುತ್ತಾರೆ, ತಿರುಚುತ್ತಾರೆ, ಕಪ್ಪು ಟೇಪು ಸುತ್ತುತ್ತಾರೆ. ಸೋಲ್ಡರ್ ಇಲ್ಲ, ಮೇಲೆ ಹೊದಿಸುವ ಕೊಳವೆ ಇಲ್ಲ. ಕಡಲ ಗಾಳಿಗೆ, ಹಿಂದೆ ಕಟ್ಟಿದ ಮೀನಿನ ಬಾಕ್ಸಿನಿಂದ ತೊಟ್ಟಿಕ್ಕುವ ಉಪ್ಪುನೀರಿಗೆ ಆ ತಾಮ್ರ ಒಂದು ಮಳೆಗಾಲದೊಳಗೆ ಹಸಿರು ಕಿಲುಬು ಹಿಡಿದು ಪುಡಿಯಾಗುತ್ತದೆ. ಅರ್ತ್ ಹೋದ ಮೇಲೆ ದೀಪವೆಲ್ಲಿ? ಇಷ್ಟರ ಮೇಲೆ ಇಂಡಿಕೇಟರಿಗೆ ಕಪ್ಪು ಗಾಜು, ಒಳಗೆ ನೀಲಿ ಬೆಳಕು. ಕೇಂದ್ರ ಮೋಟಾರು ವಾಹನ ನಿಯಮ ಕೇಳುವುದು ಹಳದಿಯಂಚಿನ ಕಿತ್ತಳೆ ಬಣ್ಣವನ್ನೇ. ಟೋಲಿನ ಯಂತ್ರ ಕಾರಿನ ಗಾಜಿಗಂಟಿಸಿದ ಫಾಸ್ಟ್ಯಾಗನ್ನು ಚಿಟಿಕೆ ಹೊಡೆಯುವುದರೊಳಗೆ ಓದುತ್ತದೆ; ಬೈಕಿನ ಹಿಂದೀಪ ಉರಿಯುತ್ತದೋ ಇಲ್ಲವೋ ಎಂದು ನೋಡುವವರು ಅಲ್ಲಿ ಯಾರಿದ್ದಾರೆ?

ಶೋಕಿಗೆ ಇದನ್ನೆಲ್ಲ ಹಾಕಿಸಿದ ಮಗ ಬೆಳಗ್ಗೆ ಮಲಗಿರುತ್ತಾನೆ. ಕತ್ತಲೆ ಇರುವಾಗಲೇ ಅದೇ ಬೈಕಿನಲ್ಲಿ ಹೆಜಮಾಡಿ ಕೋಡಿಯಿಂದ ಮೀನು ತರಲು ಹೊರಡುವುದು ಅವನ ಅಪ್ಪ. ಡಿವೈಡರ್ ತೆರೆದಲ್ಲಿ ಬಲಕ್ಕೆ ಒತ್ತುತ್ತಾರೆ, ನಾಲ್ಕೂ ಮಿಣುಕುತ್ತವೆ. ಹಿಂದಿನಿಂದ ಬರುವ ಲಾರಿಯವನಿಗೆ ಕಾಣುವುದು ಕೆಟ್ಟು ನಿಲ್ಲಲು ಹೊರಟ ಒಂದು ಬೈಕು. ಅವನು ನಿಯಮದಂತೆಯೇ ಬಲದಿಂದ ಓವರ್‌ಟೇಕ್ ಮಾಡಲು ಬರುತ್ತಾನೆ. ಅಪ್ಪನೂ ನಿಯಮದಂತೆಯೇ ಒತ್ತಿದ್ದರು. ಮರುದಿನದ ಪತ್ರಿಕೆಯಲ್ಲಿ “ಬೈಕ್ ಸವಾರನ ಅಜಾಗರೂಕತೆ” ಎಂದಿರುತ್ತದೆ.